ಭಾವ ಬಿಟ್ಟುಹೋದ ಆರು ಕಟ್ಟುಗಳು

ಭಾವ ತೀರಿಕೊಂಡು ಎರಡು ವರ್ಷವಾದ ಮೇಲೆ ಅಕ್ಕ ಅಡಿಲೇಡಿನ ಮನೆ ಮಾರಿ ಎರಡು ಕೋಣೆಯ ಯೂನಿಟ್ಟಿಗೆ ಹೋಗುವುದೆಂದು ತೀರ್ಮಾನಿಸಿದಳು. ಪಾತ್ರೆ, ಪುಸ್ತಕ, ಬಟ್ಟೆಬರೆ ಎಲ್ಲದಕ್ಕೂ ಒಂದು ದಾರಿ ಆಯಿತು. ಉಳಿದದ್ದು ಗ್ಯಾರೇಜಿನ ಅಟ್ಟದಲ್ಲಿದ್ದ ಆರು ಕಟ್ಟು. "ಇದನ್ನೆಲ್ಲ ಎಂತ ಮಾಡುವುದು ಮಾರಾಯ್ತಿ? ಅವರು ಇದ್ದಾಗಲೇ ಕೇಳಿಟ್ಟುಕೊಳ್ಳಬೇಕಿತ್ತು" ಎಂದು ಫೋನಿನಲ್ಲಿ ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಆ ವಾರವೇ ಮೆಲ್ಬರ್ನಿನಿಂದ ಹೊರಟೆ.

ಭಾವ 1991ರಿಂದ 2003ರವರೆಗೆ ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಪುತ್ತೂರಿನ ಮಳೆಯಲ್ಲಿ ಬೆಳೆದವರು, ಆಸ್ಟ್ರೇಲಿಯಾದ ನಟ್ಟನಡುವಿನ ಆ ಕೆಂಪು ಮಣ್ಣನ್ನು ಹಚ್ಚಿಕೊಂಡುಬಿಟ್ಟರು. ಸಂಬಳದಲ್ಲಿ ಸ್ವಲ್ಪ ಉಳಿದರೆ ಅಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನ ಬರೆದ ಚಿತ್ರ ಕೊಳ್ಳುತ್ತಿದ್ದರು. ಗೋಡೆಗೆ ಹಾಕಿದ್ದು ಕಡಿಮೆ. ಸುತ್ತಿ ಕಟ್ಟಿ ಅಟ್ಟದಲ್ಲಿಟ್ಟದ್ದೇ ಹೆಚ್ಚು. ಭಾನುವಾರ ಒಂದೊಂದನ್ನೇ ಇಳಿಸಿ ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದರಂತೆ.

ಮೊದಲು ನಾವು ಮಾಡಿದ್ದು ತಪ್ಪು ಕೆಲಸ. ಪರಿಚಯದವರೊಬ್ಬರು ಹೇಳಿದರೆಂದು ಒಬ್ಬ ವ್ಯಾಪಾರಿಯನ್ನು ಮನೆಗೆ ಕರೆಸಿದೆವು. ಬಂದವನು ಹತ್ತು ನಿಮಿಷ ಕೂಡ ನಿಲ್ಲಲಿಲ್ಲ. ಒಂದು ಚೀಟಿಯನ್ನೂ ಕೇಳಲಿಲ್ಲ. ಎಲ್ಲ ಸೇರಿ 5,000 ಡಾಲರ್, ನಗದು, ಈಗಲೇ ವ್ಯಾನಿಗೆ ಹಾಕಿಕೊಳ್ಳುತ್ತೇನೆ ಎಂದ. ಕಾಗದಪತ್ರ ಇಲ್ಲದ ಚಿತ್ರಕ್ಕೆ ಸರ್ಟಿಫಿಕೇಟ್ ತಾನೇ ಬರೆದುಕೊಳ್ಳುತ್ತೇನೆ ಎಂದೂ ಹೇಳಿದ. ಮೂಲೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಕಟ್ಟೊಂದಿತ್ತು. ಅದನ್ನು ಮುಟ್ಟಿ ನೋಡಿ, ಇದಕ್ಕೆ ಯೂರೋಪಿನಲ್ಲಿ ಗಿರಾಕಿಗಳಿದ್ದಾರೆ ಎಂದ. ಹೊರಡುವಾಗ ನೆಲದ ಮೇಲೆ ಹರಡಿದ್ದ ಕ್ಯಾನ್ವಾಸಿನ ಅಂಚನ್ನು ಬೂಟಿನ ತುದಿಯಿಂದ ಎತ್ತಿ ಹಿಂಬದಿ ನೋಡಿದ. ಅಕ್ಕ ಅದನ್ನು ನೋಡಿದಳು. ಅವನು ಗೇಟು ದಾಟಿದ ಮೇಲೆ ಒಂದೇ ಮಾತು: "ಇವನಿಗೆ ಮಾತ್ರ ಬೇಡ."

ನಾನು ಲೆಕ್ಕಪತ್ರದ ಕೆಲಸದವಳು. ಸಲಹೆ ಕೊಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ನನಗೆ ಮೊದಲ ಪ್ರಶ್ನೆ. ಈ ಕ್ಷೇತ್ರದಲ್ಲಿ ಸಲಹೆಗಾರರು ಎಂದುಕೊಳ್ಳುವ ಹಲವರು ಸ್ವತಃ ವ್ಯಾಪಾರಿಗಳು. ಇನ್ನು ಕೆಲವರು ಬೆಲೆಯ ಮೇಲೆ ಶೇಕಡಾವಾರು ಫೀಸು ಕೇಳುತ್ತಾರೆ, ಬೆಲೆ ಏರಿದಷ್ಟೂ ಅವರಿಗೆ ಲಾಭ. ನಾಲ್ಕೈದು ಜನರೊಡನೆ ಮಾತಾಡಿದ ಮೇಲೆ ಒಬ್ಬರು ಸಿಕ್ಕರು. ಇಪ್ಪತ್ತು ವರ್ಷ ಮರುಭೂಮಿಯ ಕಲಾಕೇಂದ್ರಗಳಲ್ಲಿ ದುಡಿದ ಹೆಂಗಸು. ಫೋನಿನಲ್ಲೇ ಸ್ಪಷ್ಟ ಹೇಳಿದರು: "ನಾನು ಕೊಳ್ಳುವುದಿಲ್ಲ, ಮಾರುವುದಿಲ್ಲ. ಹರಾಜು ಸಂಸ್ಥೆಯಿಂದ ನನಗೆ ಪಾಲು ಇಲ್ಲ. ಆರು ವಸ್ತುಗಳಿಗೆ ವರದಿ ಸಹಿತ 1,900 ಡಾಲರ್. ಚಿತ್ರಕ್ಕೆ ಬೆಲೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ." ಅಕ್ಕನಿಗೆ ಮೊತ್ತ ಕೇಳಿ ಎದೆ ಧಸಕ್ಕೆಂದಿತು. ನನಗೆ ಮಾತ್ರ ಆ ಕೊನೆಯ ವಾಕ್ಯದಲ್ಲೇ ನಂಬಿಕೆ ಹುಟ್ಟಿತು.

ಅವರು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಊಟದ ಮೇಜಿನ ಮೇಲೆ ಬಿಳಿ ಹಾಸು ಹಾಸಲು ಹೇಳಿ, ಟೇಪು, ಟಾರ್ಚು, ಭೂತಗನ್ನಡಿ, ಕ್ಯಾಮೆರಾ ಸಾಲಾಗಿ ಇಟ್ಟುಕೊಂಡರು. ಚಿತ್ರದ ಮುಖ ನೋಡುವ ಮೊದಲೇ ಮಗುಚಿ ಬೆನ್ನು ನೋಡುತ್ತಿದ್ದರು. ಬೆನ್ನಿನ ಮೇಲಿನ ಪ್ರತಿ ಗೀಟು, ಅಂಟಿಸಿದ ಚೀಟಿ, ಕಲೆ, ಮೊಳೆಯ ತೂತು ಎಲ್ಲದರ ಫೋಟೋ. ಆಮೇಲೆ ಮುಖ.

ಮೊದಲ ಕಟ್ಟು ಬಿಚ್ಚಿದಾಗ ನಾವು ಮೂವರೂ ಸುಮ್ಮನಾದೆವು. ಕಂದು ನೆಲದ ಮೇಲೆ ಒಂದರೊಳಗೊಂದು ಸುತ್ತುವ ವೃತ್ತಗಳು, ಅವನ್ನು ಜೋಡಿಸುವ ಜೋಡಿ ಗೆರೆಗಳು, ಸುತ್ತ ಸಾವಿರಾರು ಬಿಳಿ, ಹಳದಿ ಚುಕ್ಕಿ. ಹತ್ತಿರದಿಂದ ನೋಡಿದರೆ ಪ್ರತಿ ಚುಕ್ಕಿಯ ತಲೆಯಲ್ಲೂ ಕಡ್ಡಿ ಎತ್ತಿದ ಸಣ್ಣ ಮೂತಿ ಒಣಗಿ ನಿಂತಿತ್ತು. ಬೆನ್ನಿನಲ್ಲಿ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 9405, ಆಮೇಲೆ ಮೂರು ಅಂಕೆ. ಅವರು ಆ ಸಾಲಿನ ಮೇಲೆ ಬೆರಳು ತಾಗಿಸದೆ ತೋರಿಸಿ ಹೇಳಿದರು: "ಇದು ಪಪುನ್ಯಾ ತುಲಾ ಕಂಪನಿಯ ಕ್ರಮ. ಬರೆದವರ ಹೆಸರಿನ ಮೊದಲಕ್ಷರಗಳು, 1994ನೇ ಇಸವಿ, ಐದನೇ ತಿಂಗಳು, ಕ್ರಮಸಂಖ್ಯೆ."

ಪಪುನ್ಯಾದ ಹೆಸರು ಭಾವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದರ ಕತೆ ಮಾತ್ರ ಆ ದಿನ ತಿಳಿಯಿತು. ಆಲಿಸ್ ಸ್ಪ್ರಿಂಗ್ಸಿನ ವಾಯುವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದ ಸರ್ಕಾರಿ ವಸತಿ ಅದು. ಬೇರೆ ಬೇರೆ ಭಾಷೆಯ ಮರುಭೂಮಿಯ ಜನರನ್ನು ತಂದು ಒಂದೆಡೆ ಕೂಡಿಸಿದ್ದ ಜಾಗ. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಅಲ್ಲಿಗೆ ಬಂದರು. ಅವರ ಉತ್ತೇಜನದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕತೆಯನ್ನು ಬರೆದರು. ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದ ಚಿಹ್ನೆಗಳು ಗೋಡೆಗೆ, ಹಲಗೆಗೆ, ಕ್ಯಾನ್ವಾಸಿಗೆ ಹತ್ತಿದವು. 1972ರಲ್ಲಿ ಆ ಕಲಾವಿದರೇ ಒಡೆಯರಾದ ಕಂಪನಿ ಹುಟ್ಟಿತು. ಬಣ್ಣ, ಬಟ್ಟೆ ಕೊಡುವುದು ಕಂಪನಿ, ಬರೆದ ಪ್ರತಿ ಚಿತ್ರವನ್ನೂ ದಫ್ತರಿನಲ್ಲಿ ದಾಖಲಿಸುವುದು ಕಂಪನಿ. ಐವತ್ತು ವರ್ಷದ ಮೇಲೆ ಅಡಿಲೇಡಿನ ಊಟದ ಮೇಜಿನ ಮೇಲೆ ನಮಗೆ ಆಸರೆಯಾದದ್ದು ಆ ದಫ್ತರವೇ.

"ಇದಕ್ಕೊಂದು ಸರ್ಟಿಫಿಕೇಟ್ ಇದ್ದಿರಲೇಬೇಕು, ಹುಡುಕಿ" ಎಂದರು. ಅಕ್ಕ ಭಾವನ ಕಾಗದಗಳ ಪೆಟ್ಟಿಗೆ ತಂದಳು. ಟ್ಯಾಕ್ಸ್ ಕಾಗದ, ಚೆಕ್ ಪುಸ್ತಕದ ಅರ್ಧಪಟ್ಟಿಗಳು, ಊರಿಂದ ಅಮ್ಮ ಪ್ರತಿ ಯುಗಾದಿಗೆ ಕಳಿಸುತ್ತಿದ್ದ ಪಂಚಾಂಗಗಳು. ಆ ವರ್ಷದ ಪಂಚಾಂಗದ ಒಳಗೆ ನಾಲ್ಕಾಗಿ ಮಡಚಿದ ಹಾಳೆ ಸಿಕ್ಕಿತು. ಚಿತ್ರದ ಸಣ್ಣ ರೇಖಾಚಿತ್ರ, ಅಳತೆ, ಅದೇ ಸಂಖ್ಯೆ, ಕೆಳಗೆ ಕತೆಯ ವಿವರ: ಇದು ತಿಂಗಾರಿ ಪೂರ್ವಜರ ಪಯಣ, ಆ ಘಟನೆಗಳು ಗೋಪ್ಯವಾದ್ದರಿಂದ ಹೆಚ್ಚಿನ ವಿವರ ಕೊಟ್ಟಿಲ್ಲ. ಚೆಕ್ಕಿನ ಅರ್ಧಪಟ್ಟಿಯಲ್ಲಿ ಭಾವನ ಕನ್ನಡ ಅಕ್ಷರ: "ಟಾಡ್ ಸ್ಟ್ರೀಟ್, ಚಿತ್ರ, 1,400". ಟಾಡ್ ಸ್ಟ್ರೀಟ್ ಎಂದರೆ ಆಲಿಸ್ ಸ್ಪ್ರಿಂಗ್ಸಿನ ಮುಖ್ಯ ಬೀದಿ. ಕನ್ನಡದ ಆ ಸಾಲನ್ನು ಸಲಹೆಗಾರ್ತಿ ನನ್ನಿಂದ ಓದಿಸಿ, ಅರ್ಥ ಕೇಳಿ ಬರೆದುಕೊಂಡು, ನನ್ನ ಸಹಿ ಹಾಕಿಸಿಕೊಂಡರು. ಯಾರು ಬರೆದರು, ಯಾರಿಗೆ ಮಾರಿದರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಈ ಜಾಡಿಗೆ ಅವರಲ್ಲಿ ಪ್ರಾವೆನನ್ಸ್ ಎನ್ನುತ್ತಾರೆ. ಅವರ ಕೆಲಸದ ಮುಕ್ಕಾಲು ಪಾಲು ಈ ಜಾಡು ಹಿಡಿಯುವುದೇ.

ಆ ಚಿತ್ರ ಬರೆದ ಹಿರಿಯರು ಈಗಿಲ್ಲ. ಮರುಭೂಮಿಯ ಅನೇಕ ಕುಟುಂಬಗಳಲ್ಲಿ ತೀರಿಹೋದವರ ಹೆಸರನ್ನು ಬಹುಕಾಲ ಬಾಯಲ್ಲಿ ಎತ್ತುವುದಿಲ್ಲ. ಮನೆಯವರನ್ನು ಕೇಳದೆ ನಾನೂ ಇಲ್ಲಿ ಬರೆಯುವುದಿಲ್ಲ.

ಎರಡನೆಯದು ನಮ್ಮ ಮನೆಯಲ್ಲೇ ಅತಿ ಹೆಚ್ಚು ಬೆಲೆ ಕೊಟ್ಟ ಚಿತ್ರ. 1998ರಲ್ಲಿ ಒಂದು ಊರಿನ ಗ್ಯಾಲರಿಯಲ್ಲಿ 6,500 ಡಾಲರಿಗೆ ಕೊಂಡದ್ದು. ದೊಡ್ಡ ಹೆಸರು, ಹೊಳೆಯುವ ಸರ್ಟಿಫಿಕೇಟ್, ಕಲಾವಿದರು ಚಿತ್ರ ಹಿಡಿದು ನಿಂತ ಫೋಟೋ ಎಲ್ಲ ಇತ್ತು. ಅವರು ಫೋಟೋವನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಫೋಟೋದಲ್ಲಿದ್ದ ಚಿತ್ರದ ಬಲಮೂಲೆಯಲ್ಲಿ ಮೂರು ವೃತ್ತ, ಮೇಜಿನ ಮೇಲಿದ್ದುದರಲ್ಲಿ ನಾಲ್ಕು. "ಮಾರಿದ ಅಂಗಡಿಯೇ ಬರೆದುಕೊಟ್ಟ ಸರ್ಟಿಫಿಕೇಟ್ ಆ ಅಂಗಡಿಯ ಮಾತಿಗಿಂತ ಹೆಚ್ಚಲ್ಲ. ಇದು ನಕಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಹೆಸರನ್ನು ನನ್ನ ವರದಿಯಲ್ಲಿ ಬರೆಯಲಾರೆ."

ಅಕ್ಕನ ಮುಖ ಸಣ್ಣದಾಯಿತು. ಎರಡು ತಿಂಗಳ ಸಂಬಳ ಕೂಡಿಸಿ ಕೊಂಡದ್ದು ಅವಳಿಗೆ ನೆನಪಿತ್ತು. ಆ ಕಾಲದ ಪರಿಸ್ಥಿತಿಯನ್ನು ಸಲಹೆಗಾರ್ತಿ ವಿವರಿಸಿದರು. ಬೇಡಿಕೆ ಏರಿದಾಗ ಕಲಾಕೇಂದ್ರಗಳ ಹೊರಗೆ ಲಂಗುಲಗಾಮಿಲ್ಲದ ವ್ಯಾಪಾರ ಬೆಳೆಯಿತು. ಕಲಾವಿದರನ್ನು ಊರ ಹೊರಗಿನ ಶೆಡ್ಡುಗಳಲ್ಲಿ ಕೂರಿಸಿ ಬರೆಯಿಸುವುದು, ಬೇರೆಯವರು ಬರೆದದ್ದಕ್ಕೆ ದೊಡ್ಡ ಹೆಸರು ಹಚ್ಚುವುದು ನಡೆಯಿತು. 1999ರಲ್ಲಿ ಹೆಸರಾಂತ ಅಬೊರಿಜಿನಲ್ ಕಲಾವಿದ ಕ್ಲಿಫರ್ಡ್ ಪೋಸಮ್ ಜಪಲ್ಜಾರಿ ಅವರು ತಮ್ಮ ಹೆಸರಿನಲ್ಲಿ ತೂಗುಹಾಕಿದ್ದ ಚಿತ್ರಗಳನ್ನು ಸಿಡ್ನಿಯಲ್ಲಿ ತಾವೇ ನೋಡಿ, ಇವು ನನ್ನವಲ್ಲ ಎಂದರು. ಸೆನೆಟ್ಟಿನ ವಿಚಾರಣೆ 2007ರಲ್ಲಿ ಮುಗಿಯಿತು, 2010ರಲ್ಲಿ ವ್ಯಾಪಾರಿಗಳಿಗಾಗಿ ಇಂಡಿಜಿನಸ್ ಆರ್ಟ್ ಕೋಡ್ ಎಂಬ ನೀತಿಸಂಹಿತೆ ಬಂತು. ಅದಕ್ಕೆ ಸೇರುವುದು ಇಂದಿಗೂ ಅವರವರ ಇಚ್ಛೆಗೆ ಬಿಟ್ಟದ್ದು. ನನ್ನ ಮಟ್ಟಿಗೆ ಅದು ಸಾಲದು. ಹಾಲಿಗೆ ನೀರು ಬೆರೆಸಿದರೆ ದಂಡ ಹಾಕುವ ದೇಶ, ಒಬ್ಬ ಅಜ್ಜನ ಹೆಸರನ್ನು ಕದ್ದವನಿಗೆ ನೀತಿಯನ್ನು ನೆನಪಿಸಿ ಕೂರಬಾರದು.

ಮೂರನೆಯದು, ನೀಲಿ ಬೆಟ್ಟ, ಬಿಳಿ ಕಾಂಡದ ನೀಲಗಿರಿ ಮರ, ಚೌಕಟ್ಟು ಹಾಕಿದ ಜಲವರ್ಣ. ಜಲವರ್ಣಕ್ಕೆ ಹೆಸರಾದ ಅಬೊರಿಜಿನಲ್ ಕಲಾವಿದ ಆಲ್ಬರ್ಟ್ ನಮತ್ಜಿರಾ ಅವರದೆಂದು ಅಕ್ಕ ನಂಬಿದ್ದಳು. ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಆಕಾಶದ ನೀಲಿಯಲ್ಲಿ ಅಚ್ಚಿನ ಸಣ್ಣ ಸಣ್ಣ ಬೊಟ್ಟು ಎದ್ದು ಕಂಡವು. ಅದು ಮುದ್ರಿತ ಪ್ರತಿ, ಒಂದು ಕಾಲದಲ್ಲಿ ಈ ದೇಶದ ಮನೆಮನೆಯಲ್ಲಿದ್ದ ಅಚ್ಚು. ಅದರ ಹಿಂದೆಯೂ ಒಂದು ನೋವಿದೆ. ನಮತ್ಜಿರಾ 1959ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಕಾಪಿರೈಟನ್ನು ಸರ್ಕಾರಿ ಟ್ರಸ್ಟಿ 1983ರಲ್ಲಿ 8,500 ಡಾಲರಿಗೆ ಮಾರಿಬಿಟ್ಟ. ಕುಟುಂಬಕ್ಕೆ ಅದು ಮರಳಿದ್ದು 2017ರಲ್ಲಿ. ಚಿತ್ರ ನಮ್ಮ ಮನೆಯಲ್ಲಿದ್ದರೂ ಅದನ್ನು ಅಚ್ಚು ಹಾಕುವ ಹಕ್ಕು ನಮ್ಮದಲ್ಲ, ಹರಾಜಿನ ಕ್ಯಾಟಲಾಗಿಗೆ ಫೋಟೋ ಹಾಕುವುದಕ್ಕೂ ಅನುಮತಿಯ ಲೆಕ್ಕ ಇದೆ ಎಂಬುದನ್ನು ನಾನು ಕಲಿತದ್ದು ಈ ಅಚ್ಚಿನ ನೆಪದಲ್ಲಿ.

ನಾಲ್ಕನೆಯದು ಉತ್ತರದ ಆರ್ನ್‌ಹೆಮ್ ಲ್ಯಾಂಡಿನ ಮರದ ತೊಗಟೆಯ ಮೇಲೆ ಕಾವಿ, ಹಳದಿ, ಬಿಳಿ ಜೇಡಿ, ಇದ್ದಿಲು ಬಳಸಿ ಬರೆದ ಮೀನು. ಮೈತುಂಬ ಕೂದಲೆಳೆಯಂಥ ಅಡ್ಡಗೆರೆಗಳು. ತೊಗಟೆ ಸ್ವಲ್ಪ ಬಾಗಿತ್ತು. ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬಿರಿಯುತ್ತದೆ ಎಂದರು. ಬೆನ್ನಿನಲ್ಲಿ ಮಾನಿಂಗ್ರಿಡಾ ಕಲಾಕೇಂದ್ರದ ಚೀಟಿ, ಅರ್ಧ ಗೆದ್ದಲು ತಿಂದದ್ದು. ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಇದು ಬೇಕಿತ್ತು. ಆದರೆ ಆಸ್ಟ್ರೇಲಿಯಾದಿಂದ ಇಂಥ ವಸ್ತುವನ್ನು ಹಾಗೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ. 1986ರ ಸಾಂಸ್ಕೃತಿಕ ಆಸ್ತಿ ರಕ್ಷಣಾ ಕಾಯ್ದೆ ಇದೆ. ವಯಸ್ಸು, ಬೆಲೆ ನೋಡಿ ಕೆಲವಕ್ಕೆ ಪರವಾನಗಿ ಬೇಕು, ಕೆಲವು ದೇಶ ಬಿಟ್ಟು ಹೋಗುವಂತೆಯೇ ಇಲ್ಲ. ಇದಕ್ಕೆ ಪರವಾನಗಿ ಬೇಕೋ ಬೇಡವೋ ಎಂದು ಸಂಬಂಧಪಟ್ಟ ಕಚೇರಿಗೆ ಕೇಳಿ ಬರೆದಿದ್ದೇವೆ. ಉತ್ತರ ಬರುವವರೆಗೆ ಆ ಮೀನು ನನ್ನ ಮಂಚದ ಕೆಳಗೆ ಹಲಗೆಯ ಮೇಲೆ ಮಲಗಿದೆ.

ಐದನೆಯದು ಒಂದು ಮೊಳದ ಸಣ್ಣ ಕ್ಯಾನ್ವಾಸು. ಮಣ್ಣಿನ ಬಣ್ಣ, ಒಂದು ನೀರಿನ ಗುಂಡಿ, ಸುತ್ತ ಕೂತ ಹೆಂಗಸರನ್ನು ಸೂಚಿಸುವ ಇಂಗ್ಲಿಷಿನ ಯು ಅಕ್ಷರದಂಥ ಗುರುತುಗಳು. ಬೆನ್ನು ಖಾಲಿ. ಆಸ್ಪತ್ರೆಯ ಹೊರಗಿನ ಹುಲ್ಲಿನ ಮೇಲೆ ಕೂತು ಬರೆಯುತ್ತಿದ್ದ ಒಬ್ಬ ಹೆಂಗಸಿನಿಂದ ಭಾವ ಕೊಂಡದ್ದು. ಡಯಾಲಿಸಿಸ್‌ಗೆ ಬಂದವರು. ಡಬ್ಬದ ಮುಚ್ಚಳವೇ ಬಣ್ಣದ ತಟ್ಟೆ ಎಂದು ಭಾವ ಹೇಳಿದ್ದು ಅಕ್ಕನಿಗೆ ನೆನಪಿತ್ತು. ಸಲಹೆಗಾರ್ತಿ ಪೆನ್ನು ಕೆಳಗಿಟ್ಟರು.

"ಆಕೆ ಅವರ ರೋಗಿಯೇ?"

"ಅಲ್ಲ, ಬೇರೆ ವಾರ್ಡು."

"ಎಷ್ಟು ಕೊಟ್ಟರು?"

ಅಕ್ಕನಿಗೆ ಗೊತ್ತಿರಲಿಲ್ಲ. ಚೆಕ್ಕಿನ ಪಟ್ಟಿಗಳಲ್ಲೂ ಇಲ್ಲ. ನಗದು ಕೊಟ್ಟಿರಬೇಕು. ಕಾಯಿಲೆಯವರು ಊಟಕ್ಕೆ, ಬಸ್ಸಿಗೆ, ಮೊಮ್ಮಕ್ಕಳಿಗೆ ದುಡ್ಡು ಬೇಕಾದಾಗ ಸಿಕ್ಕಿದ ಬೆಲೆಗೆ ಚಿತ್ರ ಕೊಟ್ಟುಬಿಡುತ್ತಿದ್ದ ಕಾಲ ಅದು ಎಂದು ಅವರು ಮೆತ್ತಗೆ ಹೇಳಿದರು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಭಾವ ಮೋಸ ಮಾಡಿದವರಲ್ಲ, ಅದು ನನಗೆ ಗೊತ್ತು. ಆದರೆ ನನಗೆ ಗೊತ್ತು ಎನ್ನುವುದು ಕಾಗದವಾಗುವುದಿಲ್ಲ.

ಆ ಪೆಟ್ಟಿಗೆಯಲ್ಲೇ ಇನ್ನೊಂದು ಸಿಕ್ಕಿತು, ಮಡಚಿದ ಪತ್ರಿಕೆಯ ತುಣುಕು. 2000ದ ನವೆಂಬರದ್ದು. ಕಿಂಟೋರ್ ಎಂಬ ಊರು ಆಲಿಸ್ ಸ್ಪ್ರಿಂಗ್ಸಿಗೆ 500 ಕಿಲೋಮೀಟರಿಗೂ ಹೆಚ್ಚು ದೂರ. ಕಿಡ್ನಿ ಕೆಟ್ಟ ಅಲ್ಲಿನ ಹಿರಿಯರು ಊರು, ಮನೆ, ಮಕ್ಕಳನ್ನು ಬಿಟ್ಟು ಆಲಿಸ್ ಸ್ಪ್ರಿಂಗ್ಸಿಗೆ ಬಂದು ಯಂತ್ರದ ಪಕ್ಕ ಸಾಯುವವರೆಗೆ ಕೂರಬೇಕಿತ್ತು. ಆಗ ಪಪುನ್ಯಾ ತುಲಾದ ಗಂಡಸರು, ಹೆಂಗಸರು ಕೂಡಿ ದೊಡ್ಡ ಚಿತ್ರಗಳನ್ನು ಬರೆದರು. ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಹರಾಜು ನಡೆದು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಆ ಹಣದ ಬಲದಿಂದ 2004ರಲ್ಲಿ ಕಿಂಟೋರಿನಲ್ಲೇ ಡಯಾಲಿಸಿಸ್ ಶುರುವಾಯಿತು. ಪರ್ಪಲ್ ಹೌಸ್ ಎಂಬ ಸಂಸ್ಥೆ ಬೆಳೆದದ್ದು ಅಲ್ಲಿಂದ. ಭಾವ ಆ ತುಣುಕಿನ ಅಂಚಿನಲ್ಲಿ ಪೆನ್ಸಿಲಿನಿಂದ "ಸಾಧಿಸಿಬಿಟ್ಟರು!" ಎಂದು ಬರೆದಿದ್ದರು. ಹರಾಜು ಎಂದರೆ ದುಡ್ಡಿದ್ದವರ ಆಟ ಎಂದು ಅಂದುಕೊಂಡಿದ್ದ ನಾನು ಆ ಒಂದು ಪದವನ್ನು ಎಷ್ಟು ಹೊತ್ತು ನೋಡಿದೆನೋ.

ಕೊನೆಗೆ ಕೆಂಪು ಬಟ್ಟೆಯ ಕಟ್ಟು. ಅಕ್ಕ ಗಂಟು ಬಿಚ್ಚಲು ಕೈ ಹಾಕಿದಳು. "ಬಿಚ್ಚಬೇಡಿ" ಎಂದರು ಸಲಹೆಗಾರ್ತಿ. ದನಿ ಏರಲಿಲ್ಲ, ಆದರೆ ಅಕ್ಕನ ಕೈ ಹಾಗೇ ನಿಂತಿತು. ಬಟ್ಟೆಯ ಮೇಲಿಂದಲೇ ಉದ್ದ ಅಳೆದರು. ಒಳಗೆ ಮರವೋ ಕಲ್ಲೋ, ಅಂಚು ದುಂಡಗಿದೆಯೋ, ಕೊರೆದ ಗೆರೆಗಳಿವೆಯೋ ಎಂದು ಕೇಳಿದರು. ಒಂದು ದನದ ಸ್ಟೇಷನ್ನಿನ, ಅಂದರೆ ದೊಡ್ಡ ಜಾನುವಾರು ಫಾರಮ್ಮಿನ, ಮಾಲೀಕ ಊರು ಬಿಡುವಾಗ ಭಾವನಿಗೆ ಕೊಟ್ಟುಹೋದದ್ದು, ಒಮ್ಮೆ ಮಾತ್ರ ನೋಡಿದ್ದೆ, ಮರದ್ದು, ಮೈತುಂಬ ಗೆರೆಗಳಿದ್ದವು ಎಂದಳು ಅಕ್ಕ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ನಾನು ಊಹಿಸುವುದು ನಿಜವಾದರೆ ಇದು ದೀಕ್ಷೆ ಪಡೆದ ಗಂಡಸರು ಮಾತ್ರ ನೋಡುವ ವಸ್ತು. ನಾನೂ ನೋಡಬಾರದು, ನೀವೂ ನೋಡಬಾರದು. ಇದಕ್ಕೆ ಬೆಲೆ ಕಟ್ಟಲು ನನ್ನಿಂದಾಗುವುದಿಲ್ಲ. ಮಾರಲಾಗದು, ದೇಶದಿಂದ ಹೊರಗೆ ಒಯ್ಯಲು ಕಾನೂನು ಬಿಡುವುದಿಲ್ಲ. ಇದು ಇನ್ನೂ ಯಾರದೋ ಆಗಿಯೇ ಇದೆ."

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಭಂಡಾರದ ಮೊಗದ ಹಾಗೆ ಅಲ್ವಾ?" ನಮ್ಮ ಊರಿನ ದೈವದ ಭಂಡಾರದ ಕೋಣೆಗೆ ನಾವು ಹೆಣ್ಣುಮಕ್ಕಳು ಕಾಲಿಟ್ಟವರಲ್ಲ. ನೇಮದ ದಿನ ಮೊಗ, ಅಂದರೆ ದೈವದ ಮುಖವಾಡ, ಮತ್ತು ಕಡ್ಸಲೆ ಎಂಬ ಕತ್ತಿ ಹೊರಗೆ ಬಂದಾಗ ದೂರದಿಂದ ಕೈಮುಗಿದವರು. ಅಂಥ ಕಂಚಿನ ಮೊಗಗಳನ್ನು ನಾನು ವಿದೇಶದ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಸಂಕಟಪಟ್ಟಿದ್ದೇನೆ. ಅದೇ ಸಂಕಟದ ಇನ್ನೊಂದು ತುದಿ ನಮ್ಮ ಗ್ಯಾರೇಜಿನ ಅಟ್ಟದಲ್ಲಿ ಇಪ್ಪತ್ತು ವರ್ಷ ಇತ್ತು. ಆ ವ್ಯಾಪಾರಿಯ ಯೂರೋಪಿನ ಗಿರಾಕಿಗಳು ನೆನಪಾಗಿ ಮೈ ಉರಿಯಿತು.

ನಾರ್ತ್ ಟೆರೇಸಿನ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಅವರೇ ಫೋನ್ ಮಾಡಿದರು. ಎರಡು ವಾರದ ಮೇಲೆ ಇಬ್ಬರು ಗಂಡಸರು ಬಂದರು, ಒಬ್ಬರು ಅಬೊರಿಜಿನಲ್ ಹಿರಿಯರು. ಹೊಸ ಬಟ್ಟೆ ಸುತ್ತಿ ಕೊಡಲೇ ಎಂದು ಅಕ್ಕ ಕೇಳಿದಳು. ಬೇಡ, ಇರುವ ಹಾಗೇ ಇರಲಿ ಎಂದರು ಹಿರಿಯರು. ಕೋಣೆಯ ಬಾಗಿಲು ಹಾಕಿಕೊಂಡು ಐದು ನಿಮಿಷ ಒಳಗಿದ್ದರು. ಹೊರಗೆ ಬಂದಾಗ ಕಟ್ಟು ಅವರ ಎದೆಯ ಹತ್ತಿರ, ಮಗುವನ್ನು ಹಿಡಿದ ಹಾಗೆ ಇತ್ತು. ರಸೀದಿಯಲ್ಲಿ "ಒಂದು ಕಟ್ಟು, ಬಟ್ಟೆ ಸಹಿತ" ಎಂದಷ್ಟೇ. ಯಾವ ನಾಡಿನದು ಎಂದು ಕಂಡುಹಿಡಿಯಲು ಕಾಲ ಹಿಡಿಯುತ್ತದೆ, ನೀವು ಕೇಳಬೇಡಿ, ಕೇಳಿದರೂ ಹೇಳುವಂತಿಲ್ಲ ಎಂದರು. ಅಕ್ಕ ತಲೆಯಾಡಿಸಿದಳು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲೇ ನಿಂತಿದ್ದಳು.

ವರದಿ ಬಂದದ್ದು ಒಂದೂವರೆ ತಿಂಗಳಿಗೆ, 31 ಪುಟ. ಪಪುನ್ಯಾ ತುಲಾದ ದಫ್ತರಿನಿಂದ ಸಂಖ್ಯೆ ತಾಳೆಯಾಗಿತ್ತು. ಒಂದೇ ಚಿತ್ರಕ್ಕೆ ಎರಡು ಬೆಲೆ ಇದ್ದದ್ದು ನೋಡಿ ಅಕ್ಕನಿಗೆ ಗೊಂದಲ. ವಿಮೆಗೆ 22,000, ಹರಾಜಿಗೆ 12,000ದಿಂದ 18,000. ವಿಮೆಯದು ಸುಟ್ಟುಹೋದರೆ ಅಂಥದ್ದನ್ನು ಗ್ಯಾಲರಿಯಲ್ಲಿ ಹೊಸದಾಗಿ ಕೊಳ್ಳಲು ಬೇಕಾಗುವ ಹಣ. ಹರಾಜಿನದು ಒಂದು ಸಂಜೆ, ಕೂತ ಜನರ ನಡುವೆ ಸಿಗಬಹುದಾದ ಹಣ. ಮೊದಲನೆಯದನ್ನು ತೋರಿಸಿ ಆಸೆ ಹುಟ್ಟಿಸಿ ಎರಡನೆಯದರಲ್ಲಿ ಮಾರಿಸುವವರೂ ಇದ್ದಾರೆ, ಎಚ್ಚರ.

ಪೇಟೆಯ ಏರಿಳಿತದ್ದೇ ಒಂದು ಅಧ್ಯಾಯ ಇತ್ತು. 2007ರ ಜುಲೈನಲ್ಲಿ ಕ್ಲಿಫರ್ಡ್ ಪೋಸಮ್ ಅವರ "ವಾರ್ಲುಗುಲಾಂಗ್" 24 ಲಕ್ಷ ಡಾಲರಿಗೆ ಹೋಗಿ ನ್ಯಾಷನಲ್ ಗ್ಯಾಲರಿ ಸೇರಿತು. ಅದನ್ನು ಮೊದಲು ಒಂದು ಬ್ಯಾಂಕು 1,200 ಡಾಲರಿಗೆ ಕೊಂಡಿತ್ತು. ಮರುವರ್ಷ ಜಗತ್ತಿನ ಆರ್ಥಿಕ ಕುಸಿತ. 2011ರಲ್ಲಿ ಸ್ವಂತ ಪಿಂಚಣಿ ನಿಧಿಯ ಹಣದಲ್ಲಿ ಕೊಂಡ ಚಿತ್ರವನ್ನು ತಮ್ಮ ಮನೆಯ ಗೋಡೆಗೆ ಹಾಕುವಂತಿಲ್ಲ ಎಂಬ ನಿಯಮ ಬಂದು, ಕೊಳ್ಳುವವರು ಕಡಿಮೆಯಾದರು. ಆಮೇಲೆ ನಿಧಾನಕ್ಕೆ ಚೇತರಿಕೆ. ಸದಬೀಸ್ ಎಂಬ ಹರಾಜು ಸಂಸ್ಥೆ 2015ರಲ್ಲಿ ಲಂಡನ್ನಿನಲ್ಲಿ, 2019ರಲ್ಲಿ ನ್ಯೂಯಾರ್ಕಿನಲ್ಲಿ ಅಬೊರಿಜಿನಲ್ ಕಲೆಗೆಂದೇ ಹರಾಜು ನಡೆಸಿತು. ಎಮಿಲಿ ಕಾಮೆ ಉಂಗ್ವಾರೆ ಎಂಬ ಅಜ್ಜಿ ಎಂಬತ್ತರ ಹತ್ತಿರದಲ್ಲಿ ಕ್ಯಾನ್ವಾಸ್ ಹಿಡಿದವರು, ಅವರ "ಅರ್ಥ್ಸ್ ಕ್ರಿಯೇಷನ್" 2017ರಲ್ಲಿ 21 ಲಕ್ಷಕ್ಕೆ ಹೋಯಿತು.

ಜಾನಿ ವಾರಂಗ್ಕುಲಾ ಜುಪುರುಲಾ ಅವರ ಕತೆಯನ್ನು ಸಲಹೆಗಾರ್ತಿ ಬಾಯಿಯಲ್ಲೇ ಹೇಳಿದರು. ಪಪುನ್ಯಾದ ಮೊದಲ ತಲೆಮಾರಿನವರು. 1972ರಲ್ಲಿ ಬರೆದ ನೀರಿನ ಕತೆಯ ಚಿತ್ರ ಮೊದಲು 150 ಡಾಲರಿಗೆ ಹೋಗಿತ್ತು. 1997ರಲ್ಲಿ ಅದು 2,06,000ಕ್ಕೆ, 2000ದಲ್ಲಿ 4,86,500ಕ್ಕೆ ಮಾರಾಟವಾಯಿತು. ಬರೆದವರು ಆಗಿನ್ನೂ ಬದುಕಿದ್ದರು. ಒಂದು ಕಾಸು ಅವರ ಕೈ ಸೇರಲಿಲ್ಲ, ಮರುವರ್ಷ ತೀರಿಕೊಂಡರು. 2010ರ ಜೂನ್ 9ರಿಂದ ಮರುಮಾರಾಟದಲ್ಲಿ ಶೇಕಡಾ 5 ಕಲಾವಿದರಿಗೆ ಅಥವಾ ವಾರಸುದಾರರಿಗೆ ಹೋಗುವ ಕಾನೂನು ಬಂದಿದೆ. 1,000 ಡಾಲರ್ ಮತ್ತು ಮೇಲ್ಪಟ್ಟ ವ್ಯಾಪಾರಿ ಮರುಮಾರಾಟವನ್ನು, ಆ ಹಣ ಸಂಗ್ರಹಿಸಿ ಹಂಚುವ ಕಾಪಿರೈಟ್ ಏಜೆನ್ಸಿ ಎಂಬ ಸಂಸ್ಥೆಗೆ ತಿಳಿಸಲೇಬೇಕು. ಕಾನೂನಿಗೆ ಮೊದಲು ಕೊಂಡ ಚಿತ್ರಗಳಿಗೆ ಬೇರೆ ನಿಯಮಗಳಿವೆ, ಲೆಕ್ಕ ಏಜೆನ್ಸಿಯವರೇ ಹಾಕುತ್ತಾರೆ. "ಲೆಕ್ಕದಲ್ಲಿ ಬರಲಿ, ಬಾರದಿರಲಿ, ನಾವು ಕೊಡುವುದು ಕೊಡುವುದೇ" ಎಂದಳು ಅಕ್ಕ.

ಪಪುನ್ಯಾದ ಚಿತ್ರವನ್ನು ಹರಾಜಿಗೆ ಕೊಡುವುದೆಂದಾಯಿತು. ಹರಾಜು ಸಂಸ್ಥೆಯ ಕರಾರನ್ನು ಸಲಹೆಗಾರ್ತಿ ಸಾಲು ಸಾಲು ಓದಿಸಿದರು. ಮಾರುವವರ ಕಮಿಷನ್ ಶೇಕಡಾ 15 ಎಂದಿದ್ದನ್ನು 10ಕ್ಕೆ ಇಳಿಸಿದರು. ಮಾರಾಟವಾಗದೆ ಉಳಿದರೆ ದಂಡ ಎಂಬ ಸಾಲನ್ನು ಹೊಡೆದುಹಾಕಿಸಿದರು. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಮೀಸಲು ಬೆಲೆ 11,000. ಕ್ಯಾಟಲಾಗಿನಲ್ಲಿ ಕತೆಯನ್ನು ಬಣ್ಣ ಹಚ್ಚಿ ಬರೆಯಬಾರದು, ಸರ್ಟಿಫಿಕೇಟಿನಲ್ಲಿ ಎಷ್ಟಿದೆಯೋ ಅಷ್ಟೇ ಎಂದು ಪಟ್ಟು ಹಿಡಿದರು. ಗೋಪ್ಯ ಎಂದು ಬರೆದವರೇ ಹೇಳಿದ ಮೇಲೆ ಗೋಪ್ಯವೇ.

ಹರಾಜು ಮೆಲ್ಬರ್ನಿನಲ್ಲಿ, ಒಂದು ಬುಧವಾರ ಸಂಜೆ. ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತೆ, ಅಕ್ಕ ಅಡಿಲೇಡಿನಿಂದ ಫೋನಿನಲ್ಲಿ ನೋಡುತ್ತಿದ್ದಳು. ನಮ್ಮದು 47ನೆಯದು. 9,000ಕ್ಕೆ ಶುರು. ಎರಡು ಫೋನು, ಕೋಣೆಯಲ್ಲಿ ಒಬ್ಬ ಬಿಳಿಗಡ್ಡದವರು. 11,000ದಲ್ಲಿ ಎಲ್ಲ ನಿಂತಂತಾಯಿತು. ಆಮೇಲೆ ಮತ್ತೆ ಎದ್ದು 14,000ಕ್ಕೆ ಸುತ್ತಿಗೆ ಬಿತ್ತು. ಒಂದೂವರೆ ನಿಮಿಷವೂ ಆಗಿರಲಿಲ್ಲ. ಭಾವ ಮೂವತ್ತು ವರ್ಷ ಬಿಚ್ಚಿ ಬಿಚ್ಚಿ ನೋಡಿದ ಚಿತ್ರವನ್ನು ಇಬ್ಬರು ಹುಡುಗರು ಎತ್ತಿಕೊಂಡು ಒಳಗೆ ಹೋದರು. ಫೋನಿನಲ್ಲಿ ಅಕ್ಕ ಮೂಗು ಒರೆಸಿಕೊಂಡ ಸದ್ದು.

ಕೊಂಡವರು ಕೊಡುವುದು ಇನ್ನೂ ಹೆಚ್ಚು: ಶೇಕಡಾ 25 ಪ್ರೀಮಿಯಂ ಸೇರಿ 17,500. ನಮ್ಮ ಕಡೆ ಕಮಿಷನ್ 1,400, ಅದರ ಮೇಲೆ ಜಿಎಸ್‌ಟಿ 140, ಫೋಟೋ ಮತ್ತು ವಿಮೆ 210. ಕೈಗೆ ಬಂದದ್ದು 12,250. ಅದರಲ್ಲಿ 700 ಡಾಲರನ್ನು, ಅಂದರೆ ಸುತ್ತಿಗೆ ಬೆಲೆಯ ಶೇಕಡಾ 5ನ್ನು, ಬರೆದವರ ಕುಟುಂಬಕ್ಕೆ ಮುಟ್ಟಿಸಲು ಸಲಹೆಗಾರ್ತಿ ದಾರಿ ಮಾಡಿಕೊಟ್ಟರು. ಇನ್ನೊಂದಿಷ್ಟನ್ನು ಅಕ್ಕ ಪರ್ಪಲ್ ಹೌಸ್‌ಗೆ ಕಳಿಸಿದಳು, ಎಷ್ಟು ಎಂದು ನನಗೂ ಹೇಳಲಿಲ್ಲ. 6,500ರ ಚಿತ್ರವನ್ನು ಮಾರಲಿಲ್ಲ. ಹೆಸರು ಹೇಳಿ ಇನ್ನೊಬ್ಬರ ತಲೆಗೆ ಕಟ್ಟುವುದು ಬೇಡ ಎಂದು ಅಕ್ಕ ಮತ್ತೆ ಸುತ್ತಿಟ್ಟಳು, ಮೇಲೆ ಸಲಹೆಗಾರ್ತಿಯ ವರದಿಯ ಆ ಪುಟವನ್ನು ಅಂಟಿಸಿದಳು.

ಹುಲ್ಲಿನ ಮೇಲೆ ಕೂತು ಬರೆದ ಸಣ್ಣ ಚಿತ್ರಕ್ಕೆ ವರದಿಯಲ್ಲಿ ಬೆಲೆ ಇಲ್ಲ. ಅದೀಗ ಅಕ್ಕನ ಹೊಸ ಯೂನಿಟ್ಟಿನಲ್ಲಿ ಮಂಚದ ಎದುರಿಗಿದೆ. ಗೊತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ, ತಾರೀಕು ಹಾಕಿ ಚಿತ್ರದ ಜೊತೆ ಇಡಿ, ಬಟ್ಟೆಯ ಮೇಲೆ ಮಾತ್ರ ಬರೆಯಬೇಡಿ ಎಂದು ಹೇಳಿದ್ದರು. ಹೋದ ಭಾನುವಾರ ಅಕ್ಕ ಹೇಳುತ್ತ ಹೋದಳು, ನಾನು ಬರೆದುಕೊಂಡೆ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯ ಹೊರಗಿನ ಹುಲ್ಲು. 1999 ಅಥವಾ 2000. ಚಳಿಗಾಲ. ಬರೆದವರು ಹೇಳಿದ ಹೆಸರು ಇದು, ಅವರ ಊರು ಇದು ಎಂದು ನನ್ನ ಗಂಡ ಹೇಳಿದ್ದರು. ಡಬ್ಬದ ಮುಚ್ಚಳದಲ್ಲಿ ಬಣ್ಣ ಕಲಸಿದ್ದರು. ಪಕ್ಕದಲ್ಲಿ ಮೊಮ್ಮಗಳು ಮಲಗಿದ್ದಳು.

"ಎಷ್ಟು ಕೊಟ್ಟರು ಅಂತ ಎಂತ ಬರೆಯುವುದು?" ಎಂದು ಕೇಳಿದೆ.

ಅಕ್ಕ ಚಿತ್ರವನ್ನು ನೋಡುತ್ತಲೇ ಹೇಳಿದಳು: "ಗೊತ್ತಿಲ್ಲ ಅಂತಲೇ ಬರಿ."